ಬತ್ತಿದ ದಿನಗಳ ಲೆಕ್ಕ

ವರ್ಷಕ್ಕೆ ನಾಲ್ಕೈದು ಫೋನಾದರೂ ಬರುತ್ತವೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಬರಬೇಕೆಂದಿರುವವರು, ಎರಡೆಕರೆ ತೋಟ ಕೊಂಡು ಮನೆ ಕಟ್ಟಿಸುತ್ತಿರುವವರು. ಕ್ಷೇಮ ಸಮಾಚಾರ ಮುಗಿಯುತ್ತಿದ್ದಂತೆ ಪ್ರಶ್ನೆ ಬರುತ್ತದೆ: ‘ಎರಡು ದನ ಕಟ್ಟೋಣ ಅಂತಿದೀವಿ. ಯಾವ ತಳಿ ಒಳ್ಳೇದು?’ ನಾನು ತಿರುಗಿ ಕೇಳುವುದು ಒಂದೇ: ‘ಮುಂದಿನ ತಿಂಗಳು ನೆಂಟರ ಮನೆ ಮದುವೆ ಇದ್ದರೆ ಸಂಜೆ ಹಾಲು ಕರೆಯೋರು ಯಾರು?’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರುವುದಿಲ್ಲ. ಕೆಲವರು ನಗುತ್ತಾರೆ. ನಗದವರು ಮುಂದೆ ಹಸು ಕಟ್ಟಿದ್ದಾರೆ, ಉಳಿಸಿಕೊಂಡೂ ಇದ್ದಾರೆ.

ನಮ್ಮದು ಸಾಗರದ ಕಡೆ. ಮೂರೆಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕು ಜೀವ: ಎರಡು ಜೆರ್ಸಿ ಮಿಶ್ರತಳಿ, ಒಂದು ಮಲೆನಾಡು ಗಿಡ್ಡ, ಮೂಲೆಯಲ್ಲಿ ಒಂದು ಮುದಿ ಹಸು. ಮದುವೆಯಾಗಿ ಬಂದ ವರ್ಷ ಅತ್ತೆಯ ಪಕ್ಕ ಕೂತು ಕರೆಯಲು ಕಲಿತೆ. ಇಪ್ಪತ್ತೆರಡು ವರ್ಷ ಆಯಿತು. ಹಸು ಸಾಕುವ ಬಗ್ಗೆ ಓದಿದ್ದು, ಕೇಳಿದ್ದು, ತರಬೇತಿಯಲ್ಲಿ ಹೇಳಿಸಿಕೊಂಡದ್ದು ಬಹುಪಾಲು ಹಾಲು ಕೊಡುವ ದಿನಗಳ ವಿಚಾರ. ಹಸು ಬತ್ತಿ ನಿಂತ ದಿನ ಏನು ತಿನ್ನುತ್ತದೆ, ಅದನ್ನು ಯಾರು ತಂದು ಹಾಕುತ್ತಾರೆ ಎಂಬುದು ಅಲ್ಲಿ ಇರುವುದಿಲ್ಲ. ಕೊಟ್ಟಿಗೆ ಉಳಿಯುವುದೂ ಖಾಲಿಯಾಗುವುದೂ ಆ ದಿನಗಳಲ್ಲೇ.

ಮೊದಲು, ಹಸು ಯಾಕೆ ಬೇಕು? ಮಲೆನಾಡಿನ ಹಳೆಯ ಉತ್ತರ ಸಗಣಿ. ನೂರು ವರ್ಷದ ಹಿಂದಿನ ಅಡಿಕೆ ಮನೆಯಲ್ಲಿ ಇಪ್ಪತ್ತು ಮೂವತ್ತು ಗಿಡ್ಡ ದನ ಇರುತ್ತಿದ್ದವು. ಬೆಳಗ್ಗೆ ಬ್ಯಾಣಕ್ಕೆ (ಮೇಯುವ ಹುಲ್ಲುಗಾವಲಿಗೆ) ಹೋಗಿ ಸಂಜೆ ತಾವಾಗಿ ಬರುತ್ತಿದ್ದವು. ಎಲ್ಲವನ್ನೂ ಕರೆದರೆ ಮನೆಮಂದಿಗೆ ಮಜ್ಜಿಗೆಯಾಗುವಷ್ಟು ಹಾಲು. ಆದರೆ ರಾತ್ರಿಯೆಲ್ಲ ಸೊಪ್ಪಿನ ಹಾಸಿನ ಮೇಲೆ ನಿಂತು ಮಾಡುತ್ತಿದ್ದ ಗೊಬ್ಬರವೇ ತೋಟದ ಉಸಿರು. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಲ್ಲಿ. ಬೆಟ್ಟದ ಸೊಪ್ಪು ತೋಟಕ್ಕೆ ಬರುವ ದಾರಿ ಕೊಟ್ಟಿಗೆಯ ಮೂಲಕ ಇತ್ತು.

ಹಾಲಿಗೆ ರೊಕ್ಕ ಬಂದದ್ದು ಆಮೇಲೆ. ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಡೇರಿ ಸಹಕಾರಿ ಶುರುವಾದದ್ದು 1955ರಲ್ಲಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಿಂದ ಡೇರಿ ಅಭಿವೃದ್ಧಿ ನಿಗಮ ಬಂತು, ಹತ್ತು ವರ್ಷದ ನಂತರ ಅದೇ ಕೆಎಂಎಫ್ ಆಯಿತು. ಹಾಲಿನ ಗಾಡಿ ಊರ ಕೂಡು ರಸ್ತೆಗೆ ಬಂದು ನಿಂತ ದಿನದಿಂದ ಹಸುವಿನ ಲೆಕ್ಕ ಬದಲಾಯಿತು. ಗಿಡ್ಡದ ಜಾಗಕ್ಕೆ ಜೆರ್ಸಿ, ಹೆಚ್ಎಫ್ ಬಂದವು. ಬ್ಯಾಣದ ಜಾಗಕ್ಕೆ ಹಿಂಡಿಯ ಚೀಲ ಬಂತು.

ಹಾಗಾಗಿ ಮನೆ ಹಾಲಿಗೆ ಬೇಕಾದ ಹಸು ಬೇರೆ, ತೋಟದ ಗೊಬ್ಬರಕ್ಕೆ ಬೇಕಾದ್ದು ಬೇರೆ, ಡೇರಿಗೆ ಹಾಲು ಹಾಕಲು ಬೇಕಾದ್ದು ಬೇರೆ. ಮೂರನ್ನೂ ಒಂದೇ ಹಸುವಿನಿಂದ ನಿರೀಕ್ಷಿಸುವವರು ಕೊನೆಗೆ ಹಸುವನ್ನು ಬೈಯುತ್ತಾರೆ.

ನಮ್ಮ ನಾಡಿನ ತಳಿಗಳ ಹೆಸರು ದೊಡ್ಡವು. ಹಳ್ಳಿಕಾರ್, ಅಮೃತ ಮಹಲ್, ಖಿಲಾರಿ, ಕೃಷ್ಣಾ ವ್ಯಾಲಿ, ದೇವಣಿ, ಮಲೆನಾಡು ಗಿಡ್ಡ. ಇವುಗಳಲ್ಲಿ ಬಹುಪಾಲು ಎಳೆಯಲು ಹುಟ್ಟಿದವು. ಅಮೃತ ಮಹಲ್ ಅಂತೂ ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದು, ಫಿರಂಗಿ ಎಳೆದ ದನ, ಅದನ್ನು ಮನೆ ಹಿತ್ತಲಲ್ಲಿ ಕಟ್ಟುತ್ತೇನೆ ಎನ್ನುವವರು ಒಮ್ಮೆ ಅಜ್ಜಂಪುರದ ಫಾರಂಗೆ ಹೋಗಿ ಅದು ಕೆಕ್ಕರಿಸಿ ನೋಡುವುದನ್ನು ನೋಡಿ ಬರಲಿ. ಬೀದರ್ ಕಡೆಯ ದೇವಣಿ ಹಾಲಿಗೂ ಸೈ, ಎಳೆಯಲೂ ಸೈ. ಬಯಲುಸೀಮೆಯ ಚಿಕ್ಕ ಹಿಡುವಳಿಗೆ ಒಳ್ಳೆಯದು. ತುಪ್ಪದ ಆಸೆ ಇದ್ದರೆ ಎಮ್ಮೆ ಕಟ್ಟಬೇಕು. ಧಾರವಾಡಿ ಎಮ್ಮೆಗೂ ಈಗ ತಳಿಯ ಮಾನ್ಯತೆ ಸಿಕ್ಕಿದೆ, ಫೇಡೆಯ ಹಿಂದೆ ನಿಂತಿದ್ದ ಪ್ರಾಣಿಗೆ ತಡವಾಗಿಯಾದರೂ ಒಂದು ಹೆಸರು ಬಂತು.

ಗಿಡ್ಡದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಊರಿಗೆ ಮರಳುವವರ ಕಣ್ಣು ಮೊದಲು ಹೋಗುವುದು ಅದರ ಮೇಲೆ. ಸೊಂಟದೆತ್ತರ, ನೂರು ಚಿಲ್ಲರೆ ಕಿಲೋ ತೂಕ, ದಿನಕ್ಕೆ ಒಂದೂವರೆಯಿಂದ ಮೂರು ಲೀಟರ್ ಹಾಲು. ಜಡಿಮಳೆಯಲ್ಲಿ ನೆನೆದರೂ ಕೆಮ್ಮುವುದಿಲ್ಲ. ಉಣ್ಣೆಗೆ ಜಗ್ಗುವುದಿಲ್ಲ. ಒಣಹುಲ್ಲು, ಅಕ್ಕಚ್ಚು, ಬಾಳೆದಿಂಡು ಕೊಟ್ಟರೆ ಸಾಕು, ವರ್ಷಕ್ಕೊಂದು ಕರು ಹಾಕುತ್ತದೆ. ಆದರೆ ಅದು ಬಿಟ್ಟು ಮೇಯಿಸುವ ದನ. ಕಟ್ಟಿದರೆ ಕಣ್ಣಿ ಹರಿಯುತ್ತದೆ, ಬೇಲಿ ಹಾರುತ್ತದೆ, ಕಾಡಿನಲ್ಲೇ ಕರು ಹಾಕಿ ಪೊದೆಯಲ್ಲಿ ಅಡಗಿಸಿಟ್ಟು ಏನೂ ಆಗದವಳಂತೆ ಸಂಜೆ ಮನೆಗೆ ಬರುತ್ತದೆ. ಬ್ಯಾಣ ತೋಟವಾಗಿ, ತೋಟಕ್ಕೆ ಐಬೆಕ್ಸ್ ವಿದ್ಯುತ್ ಬೇಲಿ ಬಂದು, ರಾತ್ರಿ ದನ ಕದ್ದೊಯ್ಯುವವರೂ ಹೆಚ್ಚಾದ ಮೇಲೆ ಗಿಡ್ಡ ಕಡಿಮೆಯಾದದ್ದಕ್ಕೆ ಜೆರ್ಸಿಯೊಂದನ್ನೇ ದೂರಬೇಕಾಗಿಲ್ಲ. ಮನೆಯಲ್ಲಿ ಮೂರು ಜನ ಇದ್ದು, ಕಾಫಿಗೂ ಮಜ್ಜಿಗೆಗೂ ಹಾಲಾದರೆ ಸಾಕು, ಸುತ್ತ ನಾಲ್ಕೆಕರೆ ಬ್ಯಾಣ ಇದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಹಸು ಇಲ್ಲ. ಅರ್ಧ ಎಕರೆ ಸೈಟಿನಲ್ಲಿ ಕಟ್ಟಿ ಸಾಕುವವರಿಗೆ ಬೇಡ.

ಇತ್ತೀಚೆಗೆ ಗುಜರಾತಿನಿಂದ ಗಿರ್, ಉತ್ತರದಿಂದ ಸಾಹಿವಾಲ್ ಲಾರಿಯಲ್ಲಿ ಬಂದಿಳಿಯುತ್ತಿವೆ. ನೋಡಲು ಚೆಂದ, ಹಾಲೂ ಕೊಡುತ್ತವೆ. ಆದರೆ ಗಿರ್ ಹಸುವಿನ ತೂಕ ನಾಲ್ಕು ನೂರು ಕಿಲೋ ಹತ್ತಿರ. ದೇಸಿ ಎಂಬ ಮಾತ್ರಕ್ಕೆ ಅದು ಗಿಡ್ಡದಷ್ಟು ಕಡಿಮೆ ತಿನ್ನುವುದಿಲ್ಲ. ಮಿಶ್ರತಳಿಯಷ್ಟೇ ಮೇವು, ಹಾಲು ಅದಕ್ಕಿಂತ ಕಡಿಮೆ, ಬೆಲೆ ಹೆಚ್ಚು. ಕರು ಸತ್ತರೆ ಹಾಲು ಇಳಿಸುವುದೂ ಕಷ್ಟ.

ದೇಸಿ-ಮಿಶ್ರತಳಿ ಜಗಳದಲ್ಲಿ ಎರಡು ವಾದಗಳು ಮೇಲೆ ಬರುತ್ತವೆ. ಒಂದು ಎ2 ಹಾಲು. ಬೀಟಾ ಕೇಸೀನ್ ಎಂಬ ಹಾಲಿನ ಪ್ರೋಟೀನಿನಲ್ಲಿ ಎ1, ಎ2 ಎಂಬ ಬಗೆಗಳಿವೆ ಎಂಬುದು ನಿಜ. ನಮ್ಮ ನಾಟಿ ದನಗಳಲ್ಲಿ ಹೆಚ್ಚುಕಡಿಮೆ ಎಲ್ಲ ಎ2 ಎಂಬುದೂ ನಿಜ. ತಮಾಷೆಯೆಂದರೆ ಕರ್ನಾಲಿನ ರಾಷ್ಟ್ರೀಯ ತಳಿ ಸಂಸ್ಥೆಯವರು ದೇಶದ ತಳಿಗಳನ್ನು ಪರೀಕ್ಷಿಸಿದಾಗ ಅಲ್ಪ ಪ್ರಮಾಣದಲ್ಲಿ ಎ1 ಸಿಕ್ಕ ತಳಿಗಳಲ್ಲಿ ನಮ್ಮ ಮಲೆನಾಡು ಗಿಡ್ಡವೂ ಒಂದು. ಜೆರ್ಸಿಯಲ್ಲೂ ಎ2 ಸಾಕಷ್ಟಿದೆ. ಎ1 ಹಾಲು ಕಾಯಿಲೆ ತರುತ್ತದೆ ಎಂಬುದಕ್ಕೆ ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲೇ ಹೇಳಿತು. ನಮ್ಮ ದೇಶದ ಆಹಾರ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಪೊಟ್ಟಣದ ಮೇಲೆ ಎ1-ಎ2 ಎಂದು ಬರೆಯಬೇಡಿ ಎಂದು ಹೇಳಿ ವಾರದೊಳಗೆ ಆ ಮಾತನ್ನು ವಾಪಸ್ ಪಡೆಯಿತು. ಪೇಟೆಯಲ್ಲಿ ಲೀಟರಿಗೆ ನೂರು ರೂಪಾಯಿ ಕೊಡುವ ಗಿರಾಕಿ ನಿಮಗಿದ್ದರೆ ಅದು ವ್ಯಾಪಾರ. ಮನೆಗೆ ಕುಡಿಯಲು ಎ2 ಚಿಂತೆಯಲ್ಲಿ ತಳಿ ಆರಿಸುವುದು ಬೇಡ.

ಇನ್ನೊಂದು ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರರ ಸೂತ್ರ: ಒಂದು ದೇಸಿ ಹಸು, ಮೂವತ್ತು ಎಕರೆ. ಲೆಕ್ಕ ಎಲ್ಲಿಂದ ಬಂತು ಎಂಬುದು ಸರಳ. ಎಕರೆಗೆ ಒಂದು ಬಾರಿಯ ಜೀವಾಮೃತಕ್ಕೆ 200 ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು. ದಿನಕ್ಕೆ ಹತ್ತು ಕಿಲೋ ಸಗಣಿ ಹಾಕುವ ಹಸು ತಿಂಗಳಿಗೆ ಮೂವತ್ತು ಎಕರೆಗಾಗುತ್ತದೆ. ನಮ್ಮ ಗಿಡ್ಡ ಹಾಕುವುದು ಐದಾರು ಕಿಲೋ, ಅದರಲ್ಲೂ ಅರ್ಧ ಬ್ಯಾಣದಲ್ಲಿ. ಅದಿರಲಿ. ಜೀವಾಮೃತ ಹುಳಿಬರಿಸಿದ ಹೆಪ್ಪು, ಹೆಪ್ಪಿನಿಂದ ಮೊಸರಾಗಬೇಕಾದರೆ ಹಾಲೂ ಬೇಕಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ ಹನ್ನೆರಡು ಕಿಲೋ ಗೊಬ್ಬರ, ಹನ್ನೆರಡು ಕಿಲೋ ಸೊಪ್ಪು ಎಂಬುದು ಸಂಶೋಧನಾ ಕೇಂದ್ರದವರ ಶಿಫಾರಸು. ಎಕರೆಗೆ ಐನೂರೈವತ್ತು ಮರ ಹಿಡಿದರೆ ಆರೂವರೆ ಟನ್ ಗೊಬ್ಬರ. ಸೊಪ್ಪು, ದರಕು (ಒಣ ಎಲೆ) ಧಾರಾಳವಾಗಿ ಹಾಸಿದರೆ ಎಕರೆಗೆ ಎರಡು ಮಿಶ್ರತಳಿ ಹಸು ಇದನ್ನು ಕೊಟ್ಟೀತು. ನಮ್ಮ ತೋಟದಲ್ಲಿ ಜೀವಾಮೃತವನ್ನೂ ಹಾಕುತ್ತೇವೆ, ಬುಟ್ಟಿಯಲ್ಲಿ ಗೊಬ್ಬರವನ್ನೂ ಹೊರುತ್ತೇವೆ.

ಈಗ ಹುಲ್ಲು. ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಇಲ್ಲಿ. ಹಸು ಬಂದ ಮೇಲೆ ಹುಲ್ಲು ನೆಡುತ್ತಾರೆ. ಹಸು ಬರುವ ನಾಲ್ಕು ತಿಂಗಳು ಮೊದಲು ನೆಟ್ಟಿರಬೇಕು, ಒಂದು ಕುಯಿಲು ಆಗಿರಬೇಕು. ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿಲೋ ಹಸಿರು ಬೇಕು ಎಂದರೆ ವರ್ಷಕ್ಕೆ ಒಂಬತ್ತು ಟನ್. ಕೊಯಮತ್ತೂರಿನ ಸಿಒ-4, ಸಿಒ-5 ಹೈಬ್ರಿಡ್ ನೇಪಿಯರ್ ಎಕರೆಗೆ ನೂರು ನೂರೈವತ್ತು ಟನ್ ಎಂದು ಕರಪತ್ರಗಳಲ್ಲಿ ಇರುತ್ತದೆ. ನಮ್ಮ ಬೇಸಗೆ ನೀರಿಗೆ, ನಮ್ಮ ಸೋಮಾರಿತನಕ್ಕೆ ಎಂಬತ್ತು ಎಂದಿಟ್ಟುಕೊಳ್ಳಿ. ಗುಂಟೆಗೆ ಎರಡು ಟನ್. ಎರಡು ಹಸುವಿಗೆ ಹತ್ತು ಗುಂಟೆ, ಬೇಸಗೆಯಲ್ಲೂ ನೀರು ಬೀಳುವ ಹತ್ತು ಗುಂಟೆ. ತೋಟದ ಅಂಚಿಗೆ ನೆಟ್ಟ ಒಂದು ಸಾಲು ಹುಲ್ಲನ್ನು ತೋರಿಸಿ ‘ಮೇವು ಇದೆ’ ಎನ್ನುವವರಿಗೆ ಮಾರ್ಚ್ ತಿಂಗಳು ಉತ್ತರ ಹೇಳುತ್ತದೆ.

ಹುಲ್ಲೊಂದೇ ಸಾಲದು, ಜೊತೆಗೆ ದ್ವಿದಳ ಬೇಕು. ಬೇಲಿಗೆ ಗೊಬ್ಬರದ ಗಿಡ, ಅಗಸೆ, ನಡುವೆ ಅಲಸಂದೆ. ಬಯಲುಸೀಮೆಯವರಿಗೆ ಕುದುರೆ ಮೆಂತೆ ಬೆಳೆಯುವ ಭಾಗ್ಯ ಇದೆ, ನಮ್ಮ ಮಳೆಗೆ ಅದು ಕೊಳೆಯುತ್ತದೆ. ಅವರಿಗೆ ಒಂದು ಅಪಾಯವೂ ಇದೆ: ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೂಳೆ ಜೋಳದಲ್ಲಿ ಸಯನೈಡ್ ವಿಷ ಸೇರಿ ನಿಂತ ದನ ಬಿದ್ದು ಸಾಯುತ್ತದೆ. ಅಜೋಲ್ಲದ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ತೊಟ್ಟಿ, ಪ್ಲಾಸ್ಟಿಕ್, ಸಗಣಿ ನೀರು ಎಲ್ಲ ಮಾಡಿ ತೆಗೆದದ್ದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರು. ಚೂರು ಪ್ರೋಟೀನ್ ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಎರಡು ಹಸುವಿನ ಮನೆಗೆ ಅದೊಂದು ಹೆಚ್ಚಿನ ಕೆಲಸ.

ಒಣಹುಲ್ಲು ದಿನಕ್ಕೆ ಐದು ಕಿಲೋ, ವರ್ಷಕ್ಕೆ ಹತ್ತಿರ ಹತ್ತಿರ ಎರಡು ಟನ್. ರಾಗಿ ಹುಲ್ಲು ಸಿಗುವವರು ಪುಣ್ಯವಂತರು, ಭತ್ತದ ಹುಲ್ಲಿಗಿಂತ ಸತ್ವ ಹೆಚ್ಚು. ಭತ್ತದ ಹುಲ್ಲಿನ ಆಕ್ಸಲೇಟ್ ಮೈಗೆ ಬೇಕಾದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ದಿನಕ್ಕೆ ಐವತ್ತು ಗ್ರಾಂ ಖನಿಜ ಮಿಶ್ರಣ ತಪ್ಪಿಸಬಾರದು. ನಮ್ಮೂರಲ್ಲಿ ಗದ್ದೆಗಳೆಲ್ಲ ಅಡಿಕೆಯಾಗಿ ಹುಲ್ಲು ಈಗ ಭದ್ರಾ ಅಚ್ಚುಕಟ್ಟಿನಿಂದ ಲಾರಿಯಲ್ಲಿ ಬರುತ್ತದೆ, ಬೇಲರ್ ಸುತ್ತಿದ ಉರುಳೆಗಳಾಗಿ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ನೀರಲ್ಲಿ ಕರಗಿಸಿ ಸಿಂಪಡಿಸಿ ಮೂರು ವಾರ ಮುಚ್ಚಿಟ್ಟರೆ ಪೌಷ್ಟಿಕವಾಗುತ್ತದೆ ಎಂದು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ವಿದ್ಯೆ ಸರಿ. ಮನೆಯಲ್ಲಿ ಮಾಡುವವರನ್ನು ನಾನು ಕಂಡದ್ದು ಇಬ್ಬರನ್ನು.

ಇನ್ನು ದುಡ್ಡು. ಬೆಲೆ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ನಾನು ಹಿಡಿಯುವ ಅಂಕಿ ಬಿಟ್ಟು ನಿಮ್ಮ ಅಂಕಿ ಹಾಕಿ ನೋಡಿ. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಬಂದಾಗ ಬರಲಿ, ಅದನ್ನು ಬಿಟ್ಟು ಲೀಟರಿಗೆ 35 ರೂಪಾಯಿ ಎಂದುಕೊಳ್ಳಿ. ಹಾಲಿನ ದರ ಕೊಬ್ಬು ಮತ್ತು ಕೊಬ್ಬೇತರ ಘನಾಂಶದ ಮೇಲೆ ನಿಂತಿದೆ, ನೀರು ಬೆರೆಸಿದರೆ ಎರಡೂ ಇಳಿಯುತ್ತವೆ. ಸರಾಸರಿ ಎಂಟು ಲೀಟರ್ ಕೊಡುವ ಸಾಧಾರಣ ಮಿಶ್ರತಳಿ ಹಸು ಮುನ್ನೂರು ದಿನ ಕರೆದರೆ 84,000 ರೂಪಾಯಿ. ಅದರ ಮೈಗೆ ದಿನಕ್ಕೆ ಒಂದೂವರೆ ಕಿಲೋ ಹಿಂಡಿ, ಮೇಲೆ ಎರಡೂವರೆ ಲೀಟರ್ ಹಾಲಿಗೊಂದು ಕಿಲೋ. ಹಸಿರು ಚೆನ್ನಾಗಿದ್ದರೆ ಒಟ್ಟು ನಾಲ್ಕೂವರೆ ಕಿಲೋ ಸಾಕು. ಬತ್ತಿದ ನೂರು ದಿನ ಎರಡು ಕಿಲೋ. ಒಟ್ಟು 1,550 ಕಿಲೋ ಹಿಂಡಿ, ಕಿಲೋಗೆ 27 ರೂಪಾಯಿಯಂತೆ ಸುಮಾರು 42,000. ನಾನೂರು ದಿನದ ಒಣಹುಲ್ಲು, ಕಿಲೋಗೆ ಆರು ರೂಪಾಯಿಯಂತೆ 12,000. ಔಷಧಿ, ವಿಮೆ, ಖನಿಜ ಮಿಶ್ರಣ ಎಂದು ಐದು ಸಾವಿರ. ಉಳಿದದ್ದು 25,000. ನಾನೂರು ದಿನಕ್ಕೆ ಹಂಚಿದರೆ ದಿನಕ್ಕೆ 63 ರೂಪಾಯಿ. ಹುಲ್ಲು ಕುಯ್ದ ಕೂಲಿ, ಸಗಣಿ ಬಾಚಿದ ಕೂಲಿ ಇದರಲ್ಲೇ. ಆ ಕೂಲಿ ನಮ್ಮ ಕಡೆ ಹೆಂಗಸರದ್ದು, ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಇಷ್ಟು ಸಿಗುವುದು ನಾನೂರು ದಿನಕ್ಕೊಮ್ಮೆ ಹಸು ಕರು ಹಾಕಿದರೆ. ಗಬ್ಬ ನಿಲ್ಲದೆ ಐನೂರು ದಿನವಾದರೆ? ಹೆಚ್ಚಿಗೆ ಬತ್ತಿ ನಿಂತ ಒಂದೊಂದು ದಿನಕ್ಕೆ ಎರಡು ಕಿಲೋ ಹಿಂಡಿಯ 54, ಹುಲ್ಲಿನ 30, ಒಟ್ಟು 84 ರೂಪಾಯಿ. ನೂರು ದಿನಕ್ಕೆ 8,400. ಉಳಿತಾಯ ಹದಿನೇಳು ಸಾವಿರದೊಳಗೆ ಇಳಿಯಿತು, ದಿನಕ್ಕೆ ಹಂಚಿದರೆ 33 ರೂಪಾಯಿ. ಹಾಲಿನ ದರ ಎರಡು ರೂಪಾಯಿ ಹೆಚ್ಚಿಸಿ ಎಂದು ಸಭೆಯಲ್ಲಿ ಕೂಗಾಡುವ ನಾವು ಕೊಟ್ಟಿಗೆಯಲ್ಲಿ ಅರ್ಧ ಲಾಭ ಸದ್ದಿಲ್ಲದೆ ಕಳೆದುಕೊಂಡಿರುತ್ತೇವೆ.

ಅದಕ್ಕೇ ಬೆದೆ ಗುರುತಿಸುವುದು ಹಾಲು ಕರೆಯುವುದಕ್ಕಿಂತ ದೊಡ್ಡ ವಿದ್ಯೆ. ಇಪ್ಪತ್ತೊಂದು ದಿನಕ್ಕೊಮ್ಮೆ ಬರುತ್ತದೆ, ಹನ್ನೆರಡರಿಂದ ಹದಿನೆಂಟು ಗಂಟೆ ಇರುತ್ತದೆ. ಕೂಗು, ಮೇವಿನಲ್ಲಿ ಮನಸ್ಸಿಲ್ಲದಿರುವುದು, ಹಾಲು ಒಮ್ಮೆಗೇ ಅರ್ಧ ಲೀಟರ್ ಕಡಿಮೆ, ಬಾಲದ ಬುಡದಲ್ಲಿ ಗಾಜಿನ ದಾರದಂತೆ ಇಳಿಯುವ ಲೋಳೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಬೇಕು. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ, ಮೇಲಿನ ಲೆಕ್ಕದಲ್ಲಿ 1,764 ರೂಪಾಯಿ. ಕೆಲವು ಹಸುಗಳು ಕೂಗುವುದೇ ಇಲ್ಲ, ‘ಮೂಕ ಬೆದೆ’ ಎನ್ನುತ್ತಾರೆ. ಒಂಟಿ ಹಸು ಕಟ್ಟಬೇಡಿ ಎಂದು ನಾನು ಹೇಳಲು ಇದೂ ಕಾರಣ. ಎರಡಿದ್ದು ದಿನಕ್ಕೊಂದು ಗಂಟೆ ಬಿಟ್ಟರೆ ಒಂದರ ಮೇಲೊಂದು ಏರಿ ತಾವೇ ಹೇಳುತ್ತವೆ. ಇನ್ನೊಂದು ಕಾರಣ, ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿದ್ದರೆ ಮನೆಗೆ ಹಾಲು ತಪ್ಪುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಸಲ ತರಬಾರದು, ಆರು ತಿಂಗಳ ಅಂತರ ಇರಲಿ. ಅಷ್ಟರಲ್ಲಿ ನಿಮಗೆ ನಿಮ್ಮ ಬಗ್ಗೆಯೂ ಗೊತ್ತಾಗಿರುತ್ತದೆ.

ಕೊಳ್ಳುವ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ನಾನೇ ಆರಿಸಿದ ಮೊದಲ ಹಸು ಪಕ್ಕದ ತಾಲೂಕಿನದು, ದಲ್ಲಾಳಿಯ ಮೂಲಕ. ಬಾಯಿ ಬಿಡಿಸಿ ಹಲ್ಲು ನೋಡುವುದು ನನಗೆ ಬರುತ್ತಿತ್ತು: ಎರಡೂವರೆ ವರ್ಷದೊಳಗೆ ಎರಡು ಹಲ್ಲು, ಮೂರರ ಸುಮಾರಿಗೆ ನಾಲ್ಕು, ನಾಲ್ಕರ ಹತ್ತಿರ ಆರು, ಐದಕ್ಕೆ ಬಾಯಿಗೂಡಿರುತ್ತದೆ. ಆರು ಹಲ್ಲಿತ್ತು, ಎರಡನೇ ಸೂಲು, ಕೆಚ್ಚಲು ಕೊಡಪಾನದ ಹಾಗೆ. ನಮ್ಮೆದುರೇ ಕರೆದರು, ಬಕೆಟ್ ತುಂಬಿತು. ‘ಹನ್ನೆರಡು ಲೀಟರಿಗೆ ಮೋಸ ಇಲ್ಲ’ ಎಂದರು. ಹಿಂದಿನ ಸಂಜೆ ಕರೆಯದೆ ಹಾಲು ಕಟ್ಟಿದ್ದರು ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ಅದೂ ಇರಲಿ ಎಂದರೆ, ನಾನು ಕೂತರೆ ಹಸು ಸೊರ ಬಿಡಲೇ ಇಲ್ಲ. ಕರು ಬಿಟ್ಟೆ, ಹಿಂಡಿ ಇಟ್ಟೆ, ಕಾಲು ಕಟ್ಟಿದೆ. ಮೂರು ದಿನ ಎರಡೆರಡು ಲೀಟರ್. ನಾಲ್ಕನೆಯ ದಿನ ಆ ಮನೆಯ ಹೆಂಗಸಿಗೆ ಫೋನ್ ಮಾಡಿದೆ. ‘ಮಾತಾಡ್ತೀರಾ ಅದ್ರ ಹತ್ರ?’ ಎಂದಳು. ‘ಬೂಸ ಮೊದ್ಲೇ ಇಡ್ಬೇಡಿ. ಬೆನ್ನು ತಟ್ಟಿ, ಹೆಸ್ರು ಹಿಡಿದು ಏನಾದ್ರೂ ಮಾತಾಡ್ತಾ ಕೂತ್ಕೊಳಿ, ಆಮೇಲೆ ಬೂಸ.’ ಹೆಸರು ಲಕ್ಷ್ಮಿ ಎಂದು ದಲ್ಲಾಳಿ ಹೇಳಿದ್ದ. ನಿಜವಾದ ಹೆಸರು ಚುಕ್ಕಿ. ಆ ಸಂಜೆ ಚುಕ್ಕಿಗೆ ನನ್ನ ಇಡೀ ದಿನದ ಕತೆ ಹೇಳಿದೆ, ಏಳು ಲೀಟರ್ ಕೊಟ್ಟಳು.

ಇದರಲ್ಲಿ ಪವಾಡ ಇಲ್ಲ. ಕೆಚ್ಚಲ ಹಾಲು ಇಳಿಯಬೇಕಾದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರಬೇಕು, ಗಾಬರಿಯಾದರೆ ಅದು ಬರುವುದಿಲ್ಲ. ಬಂದರೂ ಅದರ ಪ್ರಭಾವ ಐದಾರು ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ಅದನ್ನೇ ಸೂಜಿಯಲ್ಲಿ ಚುಚ್ಚಿ ಹಾಲು ಇಳಿಸುವ ಕಳ್ಳದಾರಿಯೂ ಇದೆ. ಕಾನೂನು ಬಿಡುವುದಿಲ್ಲ, ಹಸುವಿನ ಗರ್ಭವೂ ಕೆಡುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಸತತ ಮೂರು ಹೊತ್ತು ಅಲ್ಲೇ ನಿಂತು ಕರೆದು ನೋಡಿ, ಒಂದು ಹೊತ್ತು ನೀವೇ ಕೂತು ಕರೆಯಿರಿ. ನಾಲ್ಕು ಮೊಲೆಯ ಧಾರೆಯೂ ಸಮ ಇದೆಯಾ ನೋಡಿ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರ ನೋಡಲು ಸೊಗಸು, ಎತ್ತು ಕೊಳ್ಳುವವರಿಗೆ ಸರಿ. ಕರೆಯುವ ಹಸುವನ್ನು ಗೊತ್ತಿದ್ದ ಮನೆಯಿಂದಲೇ ತರಬೇಕು, ಸಾಧ್ಯವಾದರೆ ನಿಮ್ಮದೇ ಡೇರಿ ಸಂಘಕ್ಕೆ ಹಾಲು ಹಾಕುವ ಮನೆಯಿಂದ. ಅಲ್ಲಿ ಪುಸ್ತಕದಲ್ಲಿ ಲೀಟರ್ ಬರೆದಿರುತ್ತದೆ. ಸುಳಿ ನೋಡುವವರ ಜೊತೆ ನಾನು ಜಗಳ ಮಾಡುವುದಿಲ್ಲ. ಅವರು ಬೇಡವೆಂದು ಬಿಟ್ಟ ಒಳ್ಳೆಯ ಹಸು ಅಗ್ಗಕ್ಕೆ ಸಿಗುತ್ತದೆ.

ಕೊಟ್ಟಿಗೆಯ ಬಗ್ಗೆ ಹೆಚ್ಚು ಬೇಡ. ಗಾಳಿ, ಇಳಿಜಾರು, ಜಾರದ ನೆಲ, ಸದಾ ನೀರಿರುವ ತೊಟ್ಟಿ. ಮಿಶ್ರತಳಿ ಹಸು ದಿನಕ್ಕೆ ಎಪ್ಪತ್ತು ಲೀಟರ್ ಕುಡಿದೀತು. ಮಳೆಗಾಲದ ಚಳಿಗೆ ಹೆದರಿ ನಾಲ್ಕೂ ಕಡೆ ಮುಚ್ಚುವವರು ಹಸುವಿಗೆ ಕೆಮ್ಮು ಕೊಡುತ್ತಾರೆ. ಸಿಮೆಂಟ್ ನೆಲ ತೊಳೆಯಲು ಸುಲಭ, ಗಂಜಲ ಸೀದಾ ಗೋಬರ್ ಗ್ಯಾಸಿನ ಗುಂಡಿಗೆ ಹೋಗುತ್ತದೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು, ಮೂರು ಹಸು ಇದ್ದರೆ ಅಡುಗೆ ಆಯಿತು. ಸೊಪ್ಪಿನ ಹಾಸು ತೋಟಕ್ಕೆ ಒಳ್ಳೆಯದು, ಕೆಚ್ಚಲಿಗೆ ಅಲ್ಲ. ನಾವು ಹಿಂದಿನರ್ಧ ಸಿಮೆಂಟು, ಮುಂದಿನರ್ಧ ರಬ್ಬರ್ ಮ್ಯಾಟು, ಮುದಿ ಹಸು ಮತ್ತು ಗಿಡ್ಡಕ್ಕೆ ಮಾತ್ರ ಸೊಪ್ಪು ಎಂದು ಮಾಡಿಕೊಂಡಿದ್ದೇವೆ.

ಕಾಯಿಲೆಗಳಲ್ಲಿ ಕೆಲವು ಸರ್ಕಾರದ ಜವಾಬ್ದಾರಿ, ಕೆಲವು ನಮ್ಮದು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುತ್ತದೆ, ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿಸಿಕೊಂಡಿರಬೇಕು. ಗಳಲೆ, ಚಪ್ಪೆ ರೋಗಕ್ಕೆ ಮಳೆಗಾಲದ ಮುಂಚೆ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದುರೋಗದ ಲಸಿಕೆ ಒಮ್ಮೆ. ಇದನ್ನು ಮರೆತರೆ ಕಂದು ಹಾಕಿದ ಹಸುವಿನಿಂದ ಮನುಷ್ಯರಿಗೂ ಬಿಟ್ಟುಬಿಟ್ಟು ಬರುವ ಜ್ವರ ಅಂಟುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನೊಣ, ಸೊಳ್ಳೆ ಓಡಿಸುವ ಹೊಗೆ ಹಾಕುವುದನ್ನು ಎಲ್ಲರೂ ಮತ್ತೆ ಕಲಿತೆವು. ನಮ್ಮದೇ ಜವಾಬ್ದಾರಿ ಎಂದರೆ ಕೆಚ್ಚಲು ಬಾವು. ಕರೆಯುವ ಮುಂಚೆ ಮೊದಲೆರಡು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ಗರಣೆ ಇದೆಯಾ ನೋಡಬೇಕು, ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು, ಅರ್ಧ ಗಂಟೆ ಮಲಗದಂತೆ ಮುಂದೆ ಹುಲ್ಲು ಹಾಕಬೇಕು, ಯಾಕೆಂದರೆ ತೊಟ್ಟಿನ ಬಾಯಿ ಮುಚ್ಚಲು ಅಷ್ಟು ಹೊತ್ತು ಬೇಕು.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ನಮ್ಮ ಕಡೆಯ ದನ ಸಾಕುವವರು ಮರೆಯಬಾರದ ಸಂಗತಿ. ಅದು ದನಕ್ಕೆ ಏನೂ ಮಾಡುವುದಿಲ್ಲ. ಆದರೆ ಅದನ್ನು ಮನುಷ್ಯರಿಗೆ ಅಂಟಿಸುವ ಉಣ್ಣೆ ಬೆಳೆಯುವುದು ಕಾಡಿಗೆ ಹೋಗುವ ದನದ ರಕ್ತ ಕುಡಿದು, ಮನೆಗೆ ಬರುವುದು ಅವುಗಳ ಮೈಮೇಲೆ. ಮಂಗ ಸತ್ತ ಸುದ್ದಿ ಕೇಳಿದ ಬೇಸಗೆಯಲ್ಲಿ ದನವನ್ನು ಕಾಡಿಗೆ ಬಿಡುವುದು, ದರಕು ಗುಡಿಸಿ ತರುವುದು ಎರಡೂ ನಿಲ್ಲಿಸುತ್ತೇವೆ.

ಚುಕ್ಕಿಯ ನಾಲ್ಕನೇ ಸೂಲು. ಸಂಜೆ ಕರು ಹಾಕಿದಳು, ಎಲ್ಲ ಸಲೀಸು. ಮಾಸು ಬಿತ್ತು, ಕರು ಗಿಣ್ಣು ಹಾಲು ಕುಡಿಯಿತು, ಮಾರನೆ ದಿನ ನಾನು ಹೆಮ್ಮೆಯಿಂದ ಕೆಚ್ಚಲು ಬರಿದಾಗುವವರೆಗೆ ಕರೆದೆ. ಆ ರಾತ್ರಿ ಎರಡು ಗಂಟೆಗೆ ಹೋಗಿ ನೋಡಿದರೆ ಮಲಗಿದ್ದಾಳೆ, ಕತ್ತು ಹಾವಿನ ಹಾಗೆ ಡೊಂಕಾಗಿ ಪಕ್ಕೆಗೆ ಒತ್ತಿದೆ. ಕಿವಿ ಮುಟ್ಟಿದರೆ ಮಂಜು. ಮೂಗು ಒಣಗಿದೆ. ಎಬ್ಬಿಸಿದರೆ ಏಳುವುದಿಲ್ಲ. ಹಾಲು ಜ್ವರ ಎನ್ನುತ್ತಾರೆ, ಜ್ವರವೇ ಇರುವುದಿಲ್ಲ. ಕರು ಹಾಕಿದ ಎರಡು ಮೂರು ದಿನದೊಳಗೆ ಹಾಲಿಗೆ ಹರಿದ ಕ್ಯಾಲ್ಸಿಯಂ ರಕ್ತದಲ್ಲಿ ಮುಗಿದು ಸ್ನಾಯುಗಳು ನಿಲ್ಲುತ್ತವೆ, ಕೊನೆಗೆ ಹೃದಯವೂ. ಪರಿಚಯದ ಡಾಕ್ಟರು ಮೂರೂವರೆಗೆ ಬಂದರು. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಲ್ಲಿ ಅದ್ದಿ ಮೈಬಿಸಿಗೆ ತಂದು ಕತ್ತಿನ ನರಕ್ಕೆ ಹನಿಹನಿಯಾಗಿ ಬಿಟ್ಟರು, ಒಂದು ಕೈ ಎದೆಯ ಮೇಲೆ, ಬಡಿತ ಎಣಿಸುತ್ತ. ಅವಸರ ಮಾಡಿದರೆ ಅದೇ ಔಷಧಿ ಹೃದಯ ನಿಲ್ಲಿಸುತ್ತದೆ. ಮುಕ್ಕಾಲು ಬಾಟಲಿಗೆ ಚುಕ್ಕಿ ಒಮ್ಮೆ ನಡುಗಿದಳು, ತೇಗಿದಳು, ಸಗಣಿ ಹಾಕಿದಳು. ಬೆಳಕು ಹರಿಯುವ ಮುಂಚೆ ಎದ್ದು ನಿಂತು ನನ್ನ ಸೆರಗು ನೆಕ್ಕಿದಳು. ‘ಮೊದಲೆರಡು ದಿನ ಪೂರ್ತಿ ಕರೀಬೇಡಿ, ಕರುವಿಗೆ ಬೇಕಾದಷ್ಟೇ’ ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಅತ್ತೆ ಇದನ್ನೇ ಹತ್ತು ಸಲ ಹೇಳಿದ್ದರು, ನಾನು ಅದನ್ನು ಹಳೇಕಾಲದ ಮಾತು ಅಂದುಕೊಂಡಿದ್ದೆ. ಈಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ನೆಟ್‌ವರ್ಕ್ ಇರುವ ಗುಡ್ಡದ ತುದಿ ಯಾವುದೆಂದು ಹಗಲಲ್ಲೇ ನೋಡಿಟ್ಟಿರಿ.

ಉಳಿದದ್ದು ಯಾರೂ ಮಾತಾಡಲು ಇಷ್ಟಪಡದ ಭಾಗ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಟಿಲ್ಲರ್ ಬಂದ ಮೇಲೆ ಹೋರಿಗೆ ಕೆಲಸ ಇಲ್ಲ, ಮಿಶ್ರತಳಿಯ ಹೋರಿ ಬಿಸಿಲಲ್ಲಿ ಉಳುವುದೂ ಇಲ್ಲ. ಲಿಂಗ ನಿರ್ಧಾರಿತ ವೀರ್ಯ ಬಳಸಿದರೆ ನೂರಕ್ಕೆ ತೊಂಬತ್ತು ಹೆಣ್ಣುಗರು ಎನ್ನುತ್ತಾರೆ. ಸಹಾಯಧನದಲ್ಲಿ ಸಿಗುತ್ತದೆ, ಒಮ್ಮೆಗೇ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ. ಮೊದಲ ಸೂಲಿನ ಆರೋಗ್ಯವಂತ ಕಡಸಿಗೆ ಕೊಡಿಸಿ ನೋಡಬಹುದು. ಮುದಿ ಹಸುವಿನ ವಿಷಯ ಇನ್ನೂ ಕಠಿಣ. 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ವಯಸ್ಸಾದ ಎತ್ತು, ಹೋರಿಗೆ ದಾರಿ ಇತ್ತು. 2021ರ ಜನವರಿಯಿಂದ ಜಾರಿಯಲ್ಲಿರುವ 2020ರ ಕಾಯ್ದೆ ಹಸು, ಕರು, ಎತ್ತು, ಹೋರಿ ಎಲ್ಲದರ ವಧೆಯನ್ನೂ ನಿಷೇಧಿಸಿದೆ, ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಕಾಯ್ದೆಯ ಪರ ವಿರೋಧ ಮಾತಾಡುವವರು ಬಹಳ ಜನ, ಅವರಲ್ಲಿ ಕೊಟ್ಟಿಗೆ ಇರುವವರು ಕಡಿಮೆ. ಎರಡು ಹಸು ಕಟ್ಟುವವರಿಗೆ ಅದರ ಅರ್ಥ ಇಷ್ಟು: ಎಂಟು ಹತ್ತು ವರ್ಷ ಕರೆದ ಮೇಲೆ ಇನ್ನೂ ಆರೆಂಟು ವರ್ಷ ಬದುಕುವ ಪ್ರಾಣಿಗೆ ಹುಲ್ಲು ಎಲ್ಲಿಂದ ಎಂದು ಕೊಳ್ಳುವ ದಿನವೇ ಯೋಚಿಸಿರಬೇಕು. ಗೋಶಾಲೆಗಳಲ್ಲಿ ಜಾಗ ಕೇಳಿ ನೋಡಿದವರಿಗೆ ಗೊತ್ತು. ರಾತ್ರಿ ಪೇಟೆಯ ಅಂಚಿಗೆ ಬಿಟ್ಟು ಬರುವವರೂ ಇದ್ದಾರೆ.

ಮೂಲೆಯಲ್ಲಿರುವ ಮುದಿ ಹಸು ಚುಕ್ಕಿಯೇ. ಬತ್ತಿ ನಾಲ್ಕು ವರ್ಷ ಆಯಿತು, ಹಲ್ಲು ಸವೆದು ಒಣಹುಲ್ಲು ಅಗಿಯಲಾಗದೆ ಚೂರು ಮಾಡಿ ನೆನೆಸಿಟ್ಟು ಕೊಡಬೇಕು. ಅವಳ ಒಂದು ದಿನದ ಖರ್ಚು ಎಷ್ಟೆಂದು ಮಗ ಒಮ್ಮೆ ಮೊಬೈಲಿನಲ್ಲಿ ಕೂಡಿಸಲು ಹೊರಟಿದ್ದ. ಹಿಂಡಿ ಒಂದು ಕಿಲೋ, ಹುಲ್ಲು ಐದು ಕಿಲೋ ಎಂದು ಹೇಳುವಷ್ಟರಲ್ಲಿ ಅತ್ತೆ ಒಳಗಿಂದ ಕೂಗಿದರು: ‘ಸಗಣಿ ಬಾಚಿಯಾಯ್ತಾ?’ ಅವನು ಮೊಬೈಲ್ ಜೇಬಿಗಿಟ್ಟು ಬುಟ್ಟಿ ತೆಗೆದುಕೊಂಡ.